ನಿಮ್ಮ ಬರಹಕ್ಕೊಂದು ಸ್ವಂತ ವಿಳಾಸ



1843ರ ಜುಲೈ 1ರಂದು ನಮ್ಮ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂತು. ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಅದರ ಸಂಪಾದಕರು. ಅದು ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿತ್ತು. ಬರೆದದ್ದನ್ನು ಊರಿಗೆ ತಲುಪಿಸಲು ಆಗ ಒಂದು ಮುದ್ರಣಾಲಯವೇ ಬೇಕಿತ್ತು. ಇಂದು ಕಾಲೇಜಿನ ಲ್ಯಾಬಿನಲ್ಲಿ ಕುಳಿತ ನಿಮ್ಮ ಕೈಯಲ್ಲೇ ಅಂಥದ್ದೊಂದು ಮುದ್ರಣಾಲಯವಿದೆ.

ಆದರೂ ನಮ್ಮಲ್ಲಿ ಹೆಚ್ಚಿನವರು ಬರೆಯುವುದು ಬೇರೆಯವರ ಗೋಡೆಯ ಮೇಲೆ. ವಾಟ್ಸಾಪ್ ಸ್ಟೇಟಸ್ 24 ಗಂಟೆಗಳಲ್ಲಿ ಮಾಯವಾಗುತ್ತದೆ. ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿತು. ನಕಲು ತೆಗೆದಿಟ್ಟುಕೊಳ್ಳದವರ ಬರಹಗಳೂ ಅವುಗಳ ಜೊತೆಗೇ ಹೋದವು. ಉಮ್ಮ ಹೇಳಿದ ಬ್ಯಾರಿ ಗಾದೆಯನ್ನೋ ಒಗಟನ್ನೋ ನೀವು ಕನ್ನಡ ಲಿಪಿಯಲ್ಲಿ ಬರೆದಿಟ್ಟರೆ, ಹತ್ತು ವರ್ಷಗಳ ನಂತರವೂ ಅದು ಸಿಗಬೇಕಲ್ಲವೇ? ಅದಕ್ಕಾಗಿ ಸ್ವಂತ ಬ್ಲಾಗ್ ಕಟ್ಟುವ ಬಗೆಯನ್ನು ಈ ಪಾಠದಲ್ಲಿ ನೋಡೋಣ.

ಮೂರು ಭಾಗಗಳು

ಸ್ವಂತ ಬ್ಲಾಗಿಗೆ ಮೂರು ವಸ್ತುಗಳು ಬೇಕು. ಮೊದಲನೆಯದು ಡೊಮೇನ್, ಅಂದರೆ ವಿಳಾಸ. ಎರಡನೆಯದು ಹೋಸ್ಟಿಂಗ್, ಅಂದರೆ ಕಡತಗಳನ್ನು ಇಡುವ ಬಾಡಿಗೆ ಜಾಗ. ಮೂರನೆಯದು ಬ್ಲಾಗನ್ನು ನಡೆಸುವ ತಂತ್ರಾಂಶ. ಇಲ್ಲಿ ನಾವು ಬಳಸುವುದು 2003ರಲ್ಲಿ ಬಿಡುಗಡೆಯಾದ ಉಚಿತ, ಮುಕ್ತ ತಂತ್ರಾಂಶ ವರ್ಡ್‌ಪ್ರೆಸ್. ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬುದು ಒಂದು ಕಂಪೆನಿ ನಡೆಸುವ ಸೇವೆ. ತಂತ್ರಾಂಶವನ್ನು ಇಳಿಸಿಕೊಂಡು ನಮ್ಮ ಜಾಗದಲ್ಲೇ ಕೂರಿಸಬೇಕಾದರೆ ವರ್ಡ್‌ಪ್ರೆಸ್ ಡಾಟ್ ಆರ್ಗ್‌ಗೆ ಹೋಗಬೇಕು.

ಡೊಮೇನ್ ಮತ್ತು ಹೋಸ್ಟಿಂಗ್ ಎರಡಕ್ಕೂ ನಿಗದಿತ ಅವಧಿಗೆ ಹಣ ಕಟ್ಟಬೇಕು. ಮೊದಲ ವರ್ಷದ ರಿಯಾಯಿತಿ ದರಕ್ಕೆ ಮರುಳಾಗದೆ ನವೀಕರಣದ ದರವನ್ನು ಕೇಳಿ. ಡೊಮೇನ್ ನಿಮ್ಮ ಹೆಸರಿನಲ್ಲೋ ಮನೆಯವರ ಹೆಸರಿನಲ್ಲೋ ನೋಂದಣಿಯಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಕಾನೂನಿನ ಪ್ರಕಾರ ಒಪ್ಪಂದ ಮಾಡಿಕೊಳ್ಳಲು 18 ವರ್ಷ ತುಂಬಿರಬೇಕು. ಆದ್ದರಿಂದ ಪಿಯುಸಿ ವಿದ್ಯಾರ್ಥಿಗಳು ಹೆತ್ತವರ ಮೂಲಕ ಪಡೆಯುವುದು ಸರಿ. ವಿಳಾಸ ನಿಮ್ಮದಾಗಿದ್ದರೆ ನಾಳೆ ಹೋಸ್ಟಿಂಗ್ ಬದಲಿಸಿದರೂ ಓದುಗರು ಅದೇ ವಿಳಾಸಕ್ಕೆ ಬರುತ್ತಾರೆ.

ಖರ್ಚಿಲ್ಲದ ಅಭ್ಯಾಸ

ಹಣ ಕಟ್ಟುವ ಮೊದಲು ಕಲಿಯಬಹುದು. ಕಂಪ್ಯೂಟರಿನಲ್ಲಿ ಕ್ಸಾಂಪ್ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡರೆ ಆ ಯಂತ್ರವೇ ಸರ್ವರ್ ಆಗಿ ಕೆಲಸ ಮಾಡುತ್ತದೆ. ಅದರಲ್ಲಿ ಒಂದು ಖಾಲಿ ಡೇಟಾಬೇಸ್ ಮಾಡಿ, ವರ್ಡ್‌ಪ್ರೆಸ್ ಕಡತಗಳನ್ನು ಅದರ ಫೋಲ್ಡರಿಗೆ ಹಾಕಿ, ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ ತೆರೆಯಿರಿ. ಡೇಟಾಬೇಸಿನ ಹೆಸರು, ಬಳಕೆದಾರರ ಹೆಸರು, ಪಾಸ್‌ವರ್ಡ್ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಬ್ಲಾಗ್ ಸಿದ್ಧ. ಇಲ್ಲಿ ತಪ್ಪಾದರೆ ನಷ್ಟವಿಲ್ಲ, ಅಳಿಸಿ ಮತ್ತೆ ಮಾಡಿ.

ಕನ್ನಡದ ಬರಹಗಾರರಿಗೊಂದು ಸೂಚನೆ

ವರ್ಡ್‌ಪ್ರೆಸ್ ಲೇಖನದ ತಲೆಬರಹವನ್ನೇ ಲಿಂಕ್ ಮಾಡಿಕೊಳ್ಳುತ್ತದೆ. ಯೂನಿಕೋಡಿನಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್ ಬೇಕು. ಲಿಂಕಿನಲ್ಲಿ ಪ್ರತಿ ಬೈಟ್ ಮೂರು ಅಕ್ಷರಗಳಾಗಿ ಬದಲಾಗುತ್ತದೆ. ಅಂದರೆ ಒಂದು ಚಿಹ್ನೆಗೆ ಒಂಬತ್ತು ಅಕ್ಷರ. ‘ಮಂಗಳೂರು’ ಎಂಬ ಪದದಲ್ಲಿ ಸ್ವರಚಿಹ್ನೆ, ಅನುಸ್ವಾರ ಸೇರಿ ಏಳು ಚಿಹ್ನೆಗಳಿವೆ. ಲಿಂಕಿನಲ್ಲಿ ಅದು 63 ಅಕ್ಷರಗಳಷ್ಟು ಉದ್ದವಾಗುತ್ತದೆ. ವರ್ಡ್‌ಪ್ರೆಸ್ ಈ ಭಾಗಕ್ಕೆ ಕೊಟ್ಟ ಮಿತಿ 200. ಹಾಗಾಗಿ ಉದ್ದದ ತಲೆಬರಹ ಮಧ್ಯದಲ್ಲೇ ತುಂಡಾಗುತ್ತದೆ. ತಲೆಬರಹ ಕನ್ನಡದಲ್ಲೇ ಇರಲಿ, ‘ಸ್ಲಗ್’ ಎಂಬಲ್ಲಿ ಮಾತ್ರ ಇಂಗ್ಲಿಷ್ ಅಕ್ಷರಗಳ ಎರಡು ಮೂರು ಪದ ಬರೆಯಿರಿ. ಆಗ ಗೆಳೆಯರಿಗೆ ಕಳುಹಿಸುವ ಲಿಂಕ್ ಚಿಕ್ಕದಾಗಿರುತ್ತದೆ.

ಯಾವ ಪ್ಲಗಿನ್ ಬೇಕು?

ಪ್ಲಗಿನ್ ಎಂದರೆ ವರ್ಡ್‌ಪ್ರೆಸ್‌ಗೆ ಹೊಸ ಕೆಲಸ ಕಲಿಸುವ ಜೋಡಣೆ. ಉಚಿತವಾದವು ಸಾವಿರಾರು ಇವೆ. ಹೊಸಬರು ಇಪ್ಪತ್ತು ಮೂವತ್ತು ಹಾಕಿಬಿಡುತ್ತಾರೆ. ಅನಗತ್ಯ ಪ್ಲಗಿನ್‌ಗಳು ತಾಣವನ್ನು ನಿಧಾನ ಮಾಡಬಹುದು, ಕಳ್ಳರಿಗೆ ಇನ್ನೊಂದು ಬಾಗಿಲೂ ಆಗಬಹುದು. ಆರಂಭಕ್ಕೆ ಈ ನಾಲ್ಕು ಸಾಕು.

1. ಅಪ್‌ಡ್ರಾಫ್ಟ್‌ಪ್ಲಸ್: ಬ್ಯಾಕಪ್‌ಗೆ. ಬರಹ ಇರುವುದು ಡೇಟಾಬೇಸಿನಲ್ಲಿ, ಚಿತ್ರ ಇರುವುದು ಫೋಲ್ಡರಿನಲ್ಲಿ. ಇದು ಎರಡನ್ನೂ ನಕಲು ಮಾಡಿ ಗೂಗಲ್ ಡ್ರೈವಿಗೆ ಕಳುಹಿಸಬಲ್ಲದು.
2. ಅಕಿಸ್ಮೆಟ್: ಕಸದಂಥ ಜಾಹೀರಾತು ಪ್ರತಿಕ್ರಿಯೆಗಳನ್ನು ತಡೆಯಲು.
3. ಲಿಮಿಟ್ ಲಾಗಿನ್ ಅಟೆಂಪ್ಟ್ಸ್ ರೀಲೋಡೆಡ್: ಪಾಸ್‌ವರ್ಡ್ ಊಹಿಸಿ ಮತ್ತೆ ಮತ್ತೆ ಒಳನುಗ್ಗಲು ಯತ್ನಿಸುವವರನ್ನು ತಡೆಯಲು.
4. ಡಬ್ಲ್ಯೂಪಿ ಸೂಪರ್ ಕ್ಯಾಶ್: ಸಿದ್ಧ ಪುಟವನ್ನು ಇಟ್ಟುಕೊಂಡು, ನೆಟ್‌ವರ್ಕ್ ಕಡಿಮೆ ಇರುವ ಕಡೆಯ ಓದುಗರಿಗೂ ಬೇಗ ಕೊಡಲು.

ಗೂಗಲ್ ಹುಡುಕಾಟಕ್ಕೆ ನೆರವಾಗುವ ಸೈಟ್‌ಮ್ಯಾಪ್ 2020ರಿಂದ ವರ್ಡ್‌ಪ್ರೆಸ್ಸಿನಲ್ಲೇ ಇದೆ. ಅದೊಂದಕ್ಕಾಗಿ ಬೇರೆ ಪ್ಲಗಿನ್ ಹಾಕಬೇಕಾಗಿಲ್ಲ.

ಹೊಸದೊಂದನ್ನು ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ. ಇದು ಕೊನೆಯ ಸಲ ಪರಿಷ್ಕಾರವಾದದ್ದು ಯಾವಾಗ? ಎಷ್ಟು ತಾಣಗಳು ಬಳಸುತ್ತಿವೆ? ನನ್ನ ವರ್ಡ್‌ಪ್ರೆಸ್ ಆವೃತ್ತಿಯೊಂದಿಗೆ ಪರೀಕ್ಷೆಯಾಗಿದೆಯೇ? ಮೂರಕ್ಕೂ ಉತ್ತರ ಪ್ಲಗಿನ್ ಪುಟದಲ್ಲೇ ಇರುತ್ತದೆ. ಹಣದ ಪ್ಲಗಿನ್‌ಗಳನ್ನು ‘ಉಚಿತ’ ಎಂದು ಹಂಚುವ ತಾಣಗಳ ಕಡೆಗೆ ಹೋಗಲೇಬೇಡಿ. ಅಂಥ ಕಡತಗಳಲ್ಲಿ ವೈರಸ್ ಅಡಗಿಸಿಡುವುದು ಸಾಮಾನ್ಯ.

ಮನೆಕೆಲಸ

ಬ್ಯಾಕಪ್ ಇದೆ ಎಂದು ನಂಬಿ ಕೂತರೆ ಸಾಲದು, ಅದು ಮರಳಿ ಬರುತ್ತದೆಯೇ ಎಂದು ನೋಡಬೇಕು. ಅಭ್ಯಾಸದ ಬ್ಲಾಗಿನಲ್ಲಿ ಒಂದು ಲೇಖನ ಬರೆದು ಬ್ಯಾಕಪ್ ತೆಗೆಯಿರಿ. ನಂತರ ಆ ಲೇಖನವನ್ನು ಅನುಪಯುಕ್ತ ಪೆಟ್ಟಿಗೆಯಿಂದಲೂ ಅಳಿಸಿ, ಬ್ಯಾಕಪ್‌ನಿಂದ ಮರಳಿ ತನ್ನಿ. ಅದು ಮತ್ತೆ ಪರದೆಯ ಮೇಲೆ ಕಂಡ ದಿನವೇ ಡೊಮೇನ್ ಕೊಳ್ಳಲು ನೀವು ಸಿದ್ಧರಾದಿರಿ ಎಂದು ತಿಳಿಯಿರಿ. ಅಲ್ಲಿಯವರೆಗೆ ಹಣ ಜೇಬಿನಲ್ಲೇ ಇರಲಿ.

ಅಭ್ಯಾಸಕ್ಕೆ ಏನು ಬರೆಯಲಿ ಎಂದು ಕೇಳುವಿರಾ? ಇವತ್ತು ಸಂಜೆ ಮನೆಗೆ ಹೋಗಿ, ಉಮ್ಮನ ಹತ್ತಿರ ಒಂದು ಗಾದೆ ಕೇಳಿ ಬರೆದುಕೊಳ್ಳಿ.