120/80 ಎಂದರೆ ಏನು?

ನಮ್ಮ ಮನೆಗಳಲ್ಲಿ ‘ಬಿಪಿ’ ಎಂಬ ಪದ ಗೊತ್ತಿಲ್ಲದವರು ಯಾರೂ ಇಲ್ಲ. ಯಾರಿಗಾದರೂ ಸಿಟ್ಟು ಬಂದರೆ ‘ಅವರಿಗೆ ಬಿಪಿ ಏರಿತು’ ಎನ್ನುತ್ತೇವೆ. ಕನ್ನಡದಲ್ಲೂ ಹೀಗೇ, ನಾವು ಮನೆಯಲ್ಲಿ ಆಡುವ ಉರ್ದುವಿನಲ್ಲೂ ಹೀಗೇ. ಆದರೆ ವೈದ್ಯರ ಚೀಟಿಯಲ್ಲಿ 120/80 ಎಂದು ಬರೆದಿರುವುದನ್ನು ನೋಡಿ ‘ಈ 120 ಏನು? ಕಿಲೋನಾ, ಲೀಟರಾ?’ ಎಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಭೌತಶಾಸ್ತ್ರ ನನಗೆ ಹತ್ತನೇ ತರಗತಿಯಲ್ಲೇ ಮುಗಿಯಿತು. ಆದರೂ ಈ ಸಂಖ್ಯೆಯನ್ನು ಅರ್ಥಮಾಡಿಕೊಳ್ಳಲು ಹತ್ತನೇ ತರಗತಿಯ ಪಾಠ ಮತ್ತು ಸ್ವಲ್ಪ ಲೆಕ್ಕ ಸಾಕು.

ಒತ್ತಡ ಎಂದರೆ ಬಲವಲ್ಲ

ಐದು ಕಿಲೋ ಅಕ್ಕಿಯನ್ನು ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ನಡೆದರೆ ಬೆರಳು ಕೊಯ್ದಂತಾಗುತ್ತದೆ. ಅದೇ ಅಕ್ಕಿ ಅಗಲ ಪಟ್ಟಿಯ ಬಟ್ಟೆ ಚೀಲದಲ್ಲಿದ್ದರೆ ನೋವಾಗುವುದಿಲ್ಲ. ಭಾರ ಒಂದೇ, ಆದರೆ ಅದು ಹರಡಿಕೊಳ್ಳುವ ಜಾಗ ಬೇರೆ. ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಸಿಗುವುದೇ ಒತ್ತಡ. ಇದರ ಅಂತರರಾಷ್ಟ್ರೀಯ ಮಾನಕ್ಕೆ ಫ್ರಾನ್ಸಿನ ವಿಜ್ಞಾನಿ ಪ್ಯಾಸ್ಕಲ್ ಅವರ ಹೆಸರಿಟ್ಟಿದ್ದಾರೆ.

ನಮ್ಮ ತಲೆಯ ಮೇಲಿರುವ ಗಾಳಿಗೂ ಭಾರವಿದೆ. ಸಮುದ್ರ ಮಟ್ಟದಲ್ಲಿ ಅದು ಪ್ರತಿ ಚದರ ಸೆಂಟಿಮೀಟರ್ ಮೇಲೆ ಸುಮಾರು ಒಂದು ಕಿಲೋ ಭಾರದಷ್ಟು ಒತ್ತುತ್ತದೆ. ಹಾಗಾದರೆ ನಾವು ಜಜ್ಜಿ ಹೋಗುವುದಿಲ್ಲವೇಕೆ? ದೇಹದೊಳಗಿನ ದ್ರವ ಮತ್ತು ಗಾಳಿ ಅಷ್ಟೇ ಒತ್ತಡದಿಂದ ಹೊರಕ್ಕೆ ಒತ್ತುತ್ತವೆ. ಎರಡೂ ಸಮವಾಗಿರುವಾಗ ನಮಗೆ ಏನೂ ತಿಳಿಯುವುದಿಲ್ಲ. ಕೆಲಸ ನಡೆಯುವುದು ವ್ಯತ್ಯಾಸ ಬಂದಾಗ ಮಾತ್ರ. ಉಸಿರು ಎಳೆದುಕೊಳ್ಳುವಾಗ ವಪೆ ಕೆಳಗಿಳಿದು ಎದೆಗೂಡು ಹಿಗ್ಗುತ್ತದೆ, ಒಳಗಿನ ಒತ್ತಡ ಸ್ವಲ್ಪ ಕಡಿಮೆಯಾಗುತ್ತದೆ, ಹೊರಗಿನ ಗಾಳಿ ತಾನಾಗಿ ಒಳಗೆ ಬರುತ್ತದೆ.

ಪಾದರಸದ ಅಳತೆ

ಇಟಲಿಯ ಟೊರಿಚೆಲ್ಲಿ 17ನೇ ಶತಮಾನದಲ್ಲಿ ಪಾದರಸ ತುಂಬಿದ ಗಾಜಿನ ಕೊಳವೆಯಿಂದ ಗಾಳಿಯ ಒತ್ತಡವನ್ನು ಅಳೆಯುವ ದಾರಿ ತೋರಿಸಿದರು. ಸಮುದ್ರ ಮಟ್ಟದ ಗಾಳಿ ಸುಮಾರು 760 ಮಿಲಿಮೀಟರ್ ಎತ್ತರದ ಪಾದರಸವನ್ನು ಹಿಡಿದು ನಿಲ್ಲಿಸಬಲ್ಲದು. ಬಿಪಿಯ 120 ಕೂಡ ಇದೇ ಅಳತೆ. ಅಂದರೆ 120 ಮಿಲಿಮೀಟರ್ ಪಾದರಸ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೊರಗಿನ ಗಾಳಿಯೇ 760 ಇರುವಾಗ ರಕ್ತದ ಒತ್ತಡ ಬರೀ 120 ಆದರೆ ರಕ್ತನಾಳ ಚಪ್ಪಟೆಯಾಗಬೇಕಲ್ಲವೇ? ವಾಣಿಜ್ಯದ ಭಾಷೆಯಲ್ಲಿ ಹೇಳುವುದಾದರೆ, 120 ಎಂಬುದು ಒಟ್ಟು ಮಾರಾಟವಲ್ಲ, ಲಾಭ. ನಾಳದೊಳಗಿನ ನಿಜವಾದ ಒತ್ತಡ 880. ಅದರಲ್ಲಿ ಹೊರಗಿನ 760 ಕಳೆದು ಉಳಿದದ್ದು 120. ಹಾಗಾಗಿಯೇ ಗಾಳಿಯ ಒತ್ತಡ 680ರ ಆಸುಪಾಸಿನಲ್ಲಿರುವ ಬೆಂಗಳೂರಿಗೂ 760 ಇರುವ ಮಂಗಳೂರಿಗೂ ಬೇರೆ ಬೇರೆ ಬಿಪಿ ಪಟ್ಟಿ ಬೇಕಾಗಿಲ್ಲ. ಯಂತ್ರ ಅಳೆಯುವುದು ವ್ಯತ್ಯಾಸವನ್ನು.

ರಕ್ತದ ಒತ್ತಡವನ್ನು ಮೊದಲು ಅಳೆದವರು ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್. ಕುದುರೆಯ ಅಪಧಮನಿಗೆ ಗಾಜಿನ ಕೊಳವೆ ಜೋಡಿಸಿದಾಗ ರಕ್ತ ಎಂಟು ಅಡಿಗೂ ಮೇಲೆ ಏರಿತು ಎಂದು ಅವರು 1733ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಬರೆದಿದ್ದಾರೆ. ಮನುಷ್ಯರಿಗೆ ಹೀಗೆ ಮಾಡಲು ಸಾಧ್ಯವೇ? 1896ರಲ್ಲಿ ಇಟಲಿಯ ರಿವಾ-ರೊಚ್ಚಿ ತೋಳಿಗೆ ಕಟ್ಟುವ ಗಾಳಿಪಟ್ಟಿಯನ್ನು ತಂದರು. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಅದಕ್ಕೆ ಸ್ಟೆತಾಸ್ಕೋಪ್ ಸೇರಿಸಿದರು. ಪಟ್ಟಿಗೆ ಗಾಳಿ ತುಂಬಿದಾಗ ನಾಳ ಮುಚ್ಚಿಕೊಂಡು ಶಬ್ದ ನಿಲ್ಲುತ್ತದೆ. ಗಾಳಿ ನಿಧಾನವಾಗಿ ಬಿಟ್ಟಾಗ ಮೊದಲ ‘ಟಪ್’ ಶಬ್ದ ಕೇಳುವುದು ಮೇಲಿನ ಸಂಖ್ಯೆ. ಇದು ಹೃದಯ ಸಂಕುಚಿಸುವಾಗಿನ ಒತ್ತಡ. ಶಬ್ದ ಪೂರ್ತಿ ಮಾಯವಾಗುವುದು ಕೆಳಗಿನ ಸಂಖ್ಯೆ. ಇದು ಹೃದಯ ಸಡಿಲಗೊಂಡಾಗಿನ ಒತ್ತಡ.

ನೋವಿಲ್ಲದ ಒತ್ತಡ

ನಮ್ಮ ದಾದಿ ಕೆಲವು ವಾರ ಬಿಪಿ ಮಾತ್ರೆ ನಿಲ್ಲಿಸಿದ್ದರು. ಕೇಳಿದರೆ ‘ಸರ್ ದುಖ್ತಾ ನೈ, ದವಾ ಕಾಯ್ಕೂ?’ ಎಂದರು. ತಲೆ ನೋಯುತ್ತಿಲ್ಲ, ಔಷಧಿ ಯಾಕೆ ಎಂದರ್ಥ. ಅಳೆದಾಗ 168/96 ಇತ್ತು. ವೈದ್ಯರು ಮತ್ತೆ ಮಾತ್ರೆ ಶುರುಮಾಡಿಸಿದರು. ದಾದಿಯ ಪ್ರಶ್ನೆ ತಮಾಷೆಯದ್ದಲ್ಲ. ಜ್ವರ ಬಂದರೆ ಮೈ ಬಿಸಿಯಾಗುತ್ತದೆ, ಗಾಯವಾದರೆ ನೋವಾಗುತ್ತದೆ. ಆದರೆ ರಕ್ತದ ಒತ್ತಡ 120 ಇದ್ದರೂ 168 ಇದ್ದರೂ ಹೆಚ್ಚಿನವರಿಗೆ ಒಂದೇ ತರಹ ಅನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದಂತೆ ಜಗತ್ತಿನಲ್ಲಿ ಸುಮಾರು 128 ಕೋಟಿ ವಯಸ್ಕರಿಗೆ ಅಧಿಕ ರಕ್ತದೊತ್ತಡವಿದೆ. ಅವರಲ್ಲಿ ಅರ್ಧದಷ್ಟು ಜನರಿಗೆ ಅದು ಇದೆ ಎಂಬುದೇ ಗೊತ್ತಿಲ್ಲ.

ತಿಳಿಯದಿದ್ದರೂ ಹಾನಿ ನಿಲ್ಲುವುದಿಲ್ಲ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿಯುತ್ತದೆ. ಪ್ರತಿ ಬಡಿತದಲ್ಲೂ ಹೆಚ್ಚಿನ ಒತ್ತಡದ ವಿರುದ್ಧ ತಳ್ಳಬೇಕಾದಾಗ ಅದರ ಗೋಡೆ ದಪ್ಪವಾಗುತ್ತದೆ. ಮೂತ್ರಪಿಂಡ, ಮೆದುಳು ಮತ್ತು ಕಣ್ಣಿನ ಸಣ್ಣ ನಾಳಗಳು ವರ್ಷಗಟ್ಟಲೆ ಪೆಟ್ಟು ತಿಂದು ಹಾಳಾಗುತ್ತವೆ. ಪಾರ್ಶ್ವವಾಯು ಬಂದ ದಿನವೇ ಬಿಪಿ ಇತ್ತು ಎಂದು ತಿಳಿಯುವ ಕುಟುಂಬಗಳೂ ಇವೆ. ‘ಅವರು ಶಾಂತ ಸ್ವಭಾವದವರು, ಅವರಿಗೆಲ್ಲಿಯ ಬಿಪಿ’ ಎನ್ನುವ ಮಾತಿನ ತಪ್ಪು ಇಲ್ಲೇ ಇದೆ. ಸಿಟ್ಟು ಅಥವಾ ಪರೀಕ್ಷೆಯ ಭಯದಿಂದ ಏರಿದ ಒತ್ತಡ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಕಾಯಿಲೆಯ ಒತ್ತಡ ಸುಮ್ಮನೆ ಕುಳಿತಾಗಲೂ ಇರುತ್ತದೆ.

ಸರಿಯಾಗಿ ಅಳೆಯುವುದು

ದೇಹ ಸಾಕ್ಷಿ ಹೇಳದಿದ್ದಾಗ ಯಂತ್ರವೊಂದೇ ಸಾಕ್ಷಿ. ಆದ್ದರಿಂದ ಅಳತೆ ಸರಿಯಾಗಿರಬೇಕು. ಇಲ್ಲೊಂದು ಲೆಕ್ಕ ನೋಡಿ. ಪಾದರಸ ನೀರಿಗಿಂತ 13.6 ಪಟ್ಟು ಭಾರ, ರಕ್ತ ನೀರಿಗಿಂತ 1.06 ಪಟ್ಟು. 100 ಮಿಲಿಮೀಟರ್ ಎತ್ತರದ ರಕ್ತದ ಒತ್ತಡ ಎಂದರೆ 100 × 1.06 ÷ 13.6, ಅಂದರೆ ಸುಮಾರು 8 ಮಿಲಿಮೀಟರ್ ಪಾದರಸ. ತೋಳಿನ ಪಟ್ಟಿ ಹೃದಯಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೆ 136 ಇರುವುದು 144 ಎಂದು ತೋರಬಹುದು. ಮೇಲಿದ್ದರೆ 144 ಇರುವವರಿಗೆ 136 ಎಂದು ತೋರಿ ಸುಳ್ಳು ಸಮಾಧಾನ ಸಿಗಬಹುದು. 140/90 ದಾಟಿದರೆ ಅಧಿಕ ರಕ್ತದೊತ್ತಡ ಎಂದು ಪರಿಗಣಿಸುವಾಗ ಈ 8 ಸಣ್ಣದಲ್ಲ.

ಹಾಗಾಗಿ ಮನೆಯಲ್ಲಿ ಯಾರಿಗಾದರೂ ಅಳೆಯುವಾಗ ಇಷ್ಟು ನೋಡಿಕೊಳ್ಳಿ. ಅಳೆಯುವ ಅರ್ಧ ಗಂಟೆ ಮೊದಲು ಚಹಾ, ಕಾಫಿ, ಬೀಡಿ, ಸಿಗರೇಟು ಬೇಡ. ಮೂತ್ರ ವಿಸರ್ಜನೆ ಮಾಡಿ ಬರಲಿ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ, ಕಾಲಿನ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕುಳಿತಿರಲಿ. ತೋಳು ಮೇಜಿನ ಮೇಲೆ ಹೃದಯದ ಮಟ್ಟಕ್ಕಿರಲಿ. ಪಟ್ಟಿಯನ್ನು ಬಟ್ಟೆಯ ಮೇಲೆ ಕಟ್ಟಬೇಡಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಸಂಖ್ಯೆ ಹೆಚ್ಚು ಬರುತ್ತದೆ. ಅಳೆಯುವಾಗ ಮಾತು ಬೇಡ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆದು, ದಿನಾಂಕದೊಂದಿಗೆ ಬರೆದಿಡಿ. ಒಂದೇ ಅಳತೆಯಿಂದ ಹೆದರುವುದೂ ಬೇಡ, ಮಾತ್ರೆ ನಿಲ್ಲಿಸುವುದೂ ಬೇಡ. ಎರಡನ್ನೂ ತೀರ್ಮಾನಿಸುವವರು ವೈದ್ಯರು.

ಇನ್ನು ಅಡುಗೆಮನೆಯ ವಿಷಯ. ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಸುಮಾರು ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಒಣಮೀನು, ಚಿಪ್ಸ್ ಎಲ್ಲವೂ ಈ ಲೆಕ್ಕದಲ್ಲೇ ಬರಬೇಕು.

ನಾವು ವಾಣಿಜ್ಯದವರು ಲೆಕ್ಕಪುಸ್ತಕ ಬರೆಯುವುದನ್ನು ಕಲಿಯುತ್ತಿದ್ದೇವೆ. ಮನೆಯಲ್ಲಿ ನಲವತ್ತು ದಾಟಿದವರ ಹೆಸರು, ದಿನಾಂಕ, ಎರಡು ಸಂಖ್ಯೆ: ಇಷ್ಟೇ ಕಾಲಂಗಳ ಒಂದು ಪುಟ ಈ ವಾರವೇ ಶುರುಮಾಡಬಹುದು. ಮನೆಯಲ್ಲಿ ಯಂತ್ರ ಇಲ್ಲದಿದ್ದರೆ ಹತ್ತಿರದ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಅಳೆಯುತ್ತಾರೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ