ಬೆಲೆ ಹೇಳುವಾಗ ನಾಲಿಗೆ ಏಕೆ ತಡವರಿಸುತ್ತದೆ?

ಪ್ರಶ್ನೆ: ನನಗೆ 29 ವರ್ಷ. ಗುಂಡ್ಲುಪೇಟೆ ತಾಲ್ಲೂಕಿನವನು. ಐಟಿಐ ಮುಗಿಸಿ ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಅಪ್ಪನಿಗೆ ಸುತ್ತಿಗೆ ಎತ್ತಲು ಆಗದಿದ್ದಾಗ ಕೆಲಸ ಬಿಟ್ಟು ಬಂದು ಕುಲುಮೆ ನೋಡಿಕೊಳ್ಳುತ್ತಿದ್ದೇನೆ. ಮಚ್ಚು, ಕುಡ್ಲು, ಗುದ್ದಲಿ ಕೆಲಸದ ಜೊತೆಗೆ, ಕೇಳಿದವರ ಕೈಗೆ ಹೊಂದುವ ಹಾಗೆ ಅಡುಗೆಮನೆ ಚಾಕು ಮಾಡುತ್ತೇನೆ. ಲಾರಿಯ ಕಮಾನುಪಟ್ಟಿ ಕಾಸಿ ಬಡಿದು, ಹದ ಹಾಕಿ, ಸಾಣೆ ಹಿಡಿದು, ಹುಣಸೆ ಮರದ ಹಿಡಿ ಹಾಕಲು ಎರಡು ದಿನ ಬೇಕು. ಬೆಲೆ 1,800 ರೂಪಾಯಿ. ಇನ್‌ಸ್ಟಾಗ್ರಾಂ ನೋಡಿ ಮೈಸೂರು, ಬೆಂಗಳೂರು, ಕೇರಳದಿಂದ ಕೇಳುತ್ತಾರೆ. ಆದರೆ ಗಿರಾಕಿ ಎದುರಿಗೆ ನಿಂತರೆ ನನ್ನ ದನಿಯೇ ಅಡಗುತ್ತದೆ. "ಪೇಟೇಲಿ ಇನ್ನೂರ್ ರೂಪಾಯ್ಗೆ ಬತ್ತದೆ ಕಣಪ್ಪ" ಅಂದರೆ ಸಾಕು, ನಾನೇ ಸಾವಿರಕ್ಕೆ ಇಳಿಸಿಬಿಡುತ್ತೇನೆ. ಆಮೇಲೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಒಬ್ಬರು ಚಾಕು ತುಕ್ಕು ಹಿಡಿಯಿತು ಎಂದರು, ಮಾತಾಡದೆ ಹಣ ವಾಪಸ್ ಕೊಟ್ಟೆ. ಈಗ ಒಬ್ಬ ಒಂದಡಿ ಉದ್ದದ, ಎರಡೂ ಕಡೆ ಅಲಗಿರುವ ಚೂರಿ ಬೇಕೆಂದು ಮುಂಗಡ ಹಿಡಿದು ಬಂದಿದ್ದಾನೆ. ಬೇಡ ಎನ್ನಲೂ ಆಗುತ್ತಿಲ್ಲ. "ಕುಲುಮೆ ಊದಕ್ಕೆ ಓದಿದ್ದೇನ್ಲಾ" ಎಂದು ಮಾವ ಹಂಗಿಸುತ್ತಾರೆ. ಅಪ್ಪ ಏನೂ ಹೇಳುವುದಿಲ್ಲ. ನಾನು ಕಾರ್ಖಾನೆಗೇ ವಾಪಸ್ ಹೋಗಲೇ?
- ಹೆಸರು ಬೇಡ

ಉತ್ತರ: ನಿಮ್ಮ ಚಾಕು ಕತ್ತರಿಸುವುದಿಲ್ಲ ಎಂದು ಯಾರೂ ದೂರಿದ ಹಾಗೆ ಕಾಣುವುದಿಲ್ಲ. ನೀವೂ ಹಾಗೆಂದು ಬರೆದಿಲ್ಲ. ನಿಮ್ಮನ್ನು ಕಾಡುತ್ತಿರುವುದು ಚಾಕು ಕೈ ಬದಲಾಗುವ ಆ ಒಂದು ನಿಮಿಷ. ಆ ನಿಮಿಷದಲ್ಲಿ ನಿಮಗೆ ನಾಚಿಕೆಯಾಗುತ್ತದೆ. ಹಣ ಕೇಳಿದ್ದಕ್ಕೆ ನಾಚಿಕೆ, ಇಳಿಸಿದ ಮೇಲೆ ಇಳಿಸಿದ್ದಕ್ಕೆ ನಾಚಿಕೆ. ಹೀಗೆ ಎರಡೂ ಕಡೆಯಿಂದ ಸುಡುವ ಸಂಕಟ ನಿದ್ದೆ ಕೆಡಿಸದೆ ಬಿಡುವುದಿಲ್ಲ. ನೀವು ಪುಕ್ಕಲರೂ ಅಲ್ಲ, ವ್ಯಾಪಾರ ಬಾರದವರೂ ಅಲ್ಲ. ಮನೆಯಲ್ಲೇ ಬಟ್ಟೆ ಹೊಲಿಯುವ ಹೆಣ್ಣುಮಕ್ಕಳು, ಉಪ್ಪಿನಕಾಯಿ ಮಾಡಿ ಮಾರುವವರು, ಪಾಠ ಹೇಳುವ ಮೇಷ್ಟ್ರು, ಎಷ್ಟೋ ಜನ ಇದೇ ಮಾತನ್ನು ನನಗೆ ಬರೆಯುತ್ತಾರೆ. ಕೈ ಕೆಲಸ ಬಲ್ಲದು, ಬಾಯಿ ಬೆಲೆ ಹೇಳದು.

ಈ ನಾಚಿಕೆ ನಿಮ್ಮೊಬ್ಬರದೇ ಅಲ್ಲ, ನಿಮಗೆ ಅದು ಮನೆಯಿಂದಲೇ ಬಂದಿರಬಹುದು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಕಮ್ಮಾರರು ಒಂದೊಂದು ಕುಡ್ಲಿಗೂ ಬೆಲೆ ಹೇಳುತ್ತಿರಲಿಲ್ಲ. ವರ್ಷವಿಡೀ ರೈತನ ನೇಗಿಲ ಗುಳ ತಟ್ಟಿಕೊಡುವುದು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ರಾಗಿಯನ್ನೋ ಭತ್ತವನ್ನೋ ಅಳೆಸಿಕೊಳ್ಳುವುದು. ಆಯ ಎಂದು ಕರೆಯುತ್ತಿದ್ದುದು ಇದನ್ನೇ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ನೆಲೆಸಿ ಅಧ್ಯಯನ ಮಾಡಿದಾಗಲೂ ಈ ಪದ್ಧತಿ ನಡೆಯುತ್ತಿತ್ತು. ಅದರಲ್ಲಿ ಅನ್ಯಾಯವೂ ಇತ್ತು. ಅಳೆಯುವ ಕೈ ಯಾವತ್ತೂ ಜಮೀನಿನವರದೇ. ಕೊಟ್ಟಷ್ಟನ್ನು ತೆಗೆದುಕೊಂಡು ಬರುವುದೇ ಮರ್ಯಾದೆ, ಕೇಳುವುದು ದುರಾಸೆ ಎಂಬ ಪಾಠ ಅಂಥ ಮನೆಗಳಲ್ಲಿ ಯಾರೂ ಕಲಿಸದೆಯೇ ಮಕ್ಕಳಿಗೆ ಬಂದುಬಿಡುತ್ತಿತ್ತು. ಎದುರಿಗೆ ನಿಂತವನ ಮುಖ ನೋಡಿ "ಸಾವಿರದೆಂಟುನೂರು" ಎಂದವರು ನಿಮ್ಮ ಮನೆಯಲ್ಲಿ ಬಹುಶಃ ನೀವೇ ಮೊದಲಿಗರು. ಹೊಸ ಕೆಲಸವೆಂದ ಮೇಲೆ ತಡವರಿಸುವುದು ಇದ್ದೇ ಇರುತ್ತದೆ. ತಡವರಿಸಿದಿರಿ ಎಂದ ಮಾತ್ರಕ್ಕೆ ನಿಮ್ಮ ಬೆಲೆ ತಪ್ಪು ಎಂದಾಗುವುದಿಲ್ಲ.

ಅಪ್ಪನ ಮೌನವನ್ನೂ ಹೀಗೇ ನೋಡಿ. ನೀವು ಅದನ್ನು ಅಸಮಾಧಾನ ಎಂದುಕೊಂಡಿದ್ದೀರಿ. ಅವರಿಗೂ ಏನು ಹೇಳಬೇಕೆಂದು ತೋಚದೆ ಇರಬಹುದಲ್ಲ? ಒಂದು ಸಂಜೆ ಕುಲುಮೆ ಆರಿದ ಮೇಲೆ ಪಕ್ಕದಲ್ಲಿ ಕೂತು, "ಅಪ್ಪಾ, ತಾತನಿಗೆ ಊರವರು ಏನು ಕೊಡೋರು? ಯಾವಾಗ ಕೊಡೋರು?" ಎಂದು ಕೇಳಿ. ಸಲಹೆ ಕೇಳಬೇಡಿ, ಕಥೆ ಕೇಳಿ.

ಈಗ ಲೆಕ್ಕ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಎರಡು ದಿನದ ಚಾಕುವಿಗೆ ಅದೇ ಕೂಲಿ ಹಿಡಿದರೂ 740 ಆಯಿತು. ಸಾವಿರಕ್ಕೆ ಕೊಟ್ಟಾಗ ಉಳಿಯುವುದು 260. ಪಟ್ಟಿ, ಇದ್ದಿಲು, ಕರೆಂಟು, ಸಾಣೆ, ಹದ ಹಾಕುವಾಗ ಬಿರುಕು ಬಿಟ್ಟು ಹಾಳಾದ ಚಾಕುಗಳು, ಎಲ್ಲವೂ ಆ 260ರಲ್ಲೇ ಮುಗಿಯಬೇಕು. ಐಟಿಐ ಓದಿಗೆ, ಅಪ್ಪನಿಂದ ಕಲಿತ ಕೈಗೆ ಅದರಲ್ಲಿ ಒಂದು ಕಾಸೂ ಇಲ್ಲ. ಈ ಲೆಕ್ಕವನ್ನು ಕೂತು ನಿಮ್ಮ ನಿಜವಾದ ಅಂಕಿಗಳಿಂದ ಬರೆಯಿರಿ. ಬಂದ ಬೆಲೆಯನ್ನು ಚೀಟಿಯ ಮೇಲೆ ಬರೆದು ಚಾಕುವಿಗೆ ಕಟ್ಟಿ. ಗಿರಾಕಿ ಕೇಳಿದರೆ ಚೀಟಿ ತೋರಿಸಿ ಸುಮ್ಮನಾಗಿ. ಆ ಮೌನ ಸಹಿಸುವುದು ಮೊದಮೊದಲು ಕಷ್ಟ. ಅದನ್ನು ತುಂಬಲೆಂದೇ ನೀವು ಈವರೆಗೆ ಬೆಲೆ ಇಳಿಸುತ್ತಿದ್ದಿರಿ.

ಇನ್ನೂರು ರೂಪಾಯಿಯ ಚಾಕುವಿನ ಮೇಲೆ ಸಿಟ್ಟೂ ಬೇಡ, ಪೈಪೋಟಿಯೂ ಬೇಡ. ಅದು ಬೇಕಾದವರಿಗೆ ಅದೇ ಸರಿ. ಅಗ್ಗದ ಸರಕಿನ ಪೈಪೋಟಿ ಹೊಸದೇನಲ್ಲ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಬುಕಾನನ್ 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದಾಗ ಇಲ್ಲಿ ಅದಿರು ಕರಗಿಸಿ ಕಬ್ಬಿಣ, ಉಕ್ಕು ತೆಗೆಯುವುದನ್ನು ಕಂಡು ವಿವರವಾಗಿ ಬರೆದಿಟ್ಟ. ಮುಂದೆ ಹಡಗಿನಲ್ಲಿ ಬಂದ ಅಗ್ಗದ ಕಬ್ಬಿಣದ ಎದುರು ಆ ಒಲೆಗಳು ಆರಿಹೋದವು. ಅದೇ ಕಬ್ಬಿಣವನ್ನು ಕೊಂಡು ತಂದು, ಊರಿನವರ ಕೈಗೆ, ಊರಿನ ಮಣ್ಣಿಗೆ ಹೊಂದುವ ಹಾಗೆ ಬಡಿದುಕೊಟ್ಟ ಕಮ್ಮಾರರ ಕುಲುಮೆ ಮಾತ್ರ ಉಳಿಯಿತು. ನೀವು ಮಾಡುತ್ತಿರುವುದೂ ಅದನ್ನೇ. ಊರಿನ ರೈತರ ಮಚ್ಚು, ಕುಡ್ಲಿಗೆ ಅಪ್ಪನ ಕಾಲದ ಸಲಿಗೆಯ ದರವೇ ಇರಲಿ. ನಿಮ್ಮ ಚಾಕುಗಳನ್ನು ಬೇರೆ ಹಲಗೆಯ ಮೇಲೆ ಇಡಿ. ಎರಡೂ ಒಟ್ಟಿಗಿದ್ದರೆ ನೋಡುವವರಿಗೂ ಗೊಂದಲ, ನಿಮಗೂ ಗೊಂದಲ.

ತುಕ್ಕಿನ ವಿಷಯ ಚಿಕ್ಕದು. ಸ್ಟೇನ್‌ಲೆಸ್ ಉಕ್ಕಿನಲ್ಲಿ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಇರುತ್ತದೆ, ಕಮಾನುಪಟ್ಟಿಯಲ್ಲಿ ಅಷ್ಟಿರುವುದಿಲ್ಲ. ಹುಣಸೆಹುಳಿ, ನಿಂಬೆ ತಾಗಿ ತೊಳೆಯದೆ ಬಿಟ್ಟರೆ ಅದು ಬಣ್ಣ ತಿರುಗುವುದು ಸಹಜ. ನಿಮಗೆ ಇದು ಗೊತ್ತು, ಕೊಂಡವರಿಗೆ ಗೊತ್ತಿಲ್ಲ, ಅಷ್ಟೇ. ಚಾಕುವಿನ ಜೊತೆ ನಾಲ್ಕು ಸಾಲಿನ ಕಾಗದ ಕೊಡಿ: ತೊಳೆದ ಕೂಡಲೇ ಒರೆಸಿ, ನೀರಲ್ಲಿ ನೆನೆಹಾಕಬೇಡಿ, ತೆಳುವಾಗಿ ಕೊಬ್ಬರಿ ಎಣ್ಣೆ ಸವರಿ, ಮೊಂಡಾದರೆ ತನ್ನಿ. ಅಲಗು ಮುಕ್ಕಾಗಿ ಬಂದರೆ ಹದದ ದೋಷವೇ ಎಂದು ನೋಡಿ, ಹೌದಾದರೆ ಬದಲಿ ಕೊಡಿ. ತುಕ್ಕು ಹಿಡಿದು ಬಂದರೆ ಉಜ್ಜಿ, ಸಾಣೆ ಹಿಡಿದು ಕೊಡಿ. ಎಲ್ಲ ದೂರಿಗೂ ಹಣ ವಾಪಸ್ ಕೊಡುವುದನ್ನು ಪ್ರಾಮಾಣಿಕತೆ ಎಂದುಕೊಳ್ಳಬೇಡಿ, ಅದರಲ್ಲಿ ಹೆಚ್ಚಿನ ಪಾಲು ಭಯ.

ಒಂದಡಿಯ ಚೂರಿಯ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ: ಮಾಡಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ 2016ರ ನಿಯಮಗಳು, ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿರುವ ಚೂರಿ, ಕತ್ತಿಗಳನ್ನು ಶಸ್ತ್ರಗಳ ಪಟ್ಟಿಗೆ ಸೇರಿಸುತ್ತವೆ. ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದವಕ್ಕೆ ವಿನಾಯಿತಿ ಇದೆ. ನಿಮ್ಮ ಮಚ್ಚು, ಕುಡ್ಲು, ಅಡುಗೆ ಚಾಕುವಿಗೆ ಈ ವಿನಾಯಿತಿ ಸಲ್ಲುತ್ತದೆ, ಎರಡಲಗಿನ ಚೂರಿಗೆ ಸಲ್ಲದು. "ನಮ್ಮ ಕುಲುಮೇಲಿ ಅಡುಗೆಗೂ ಹೊಲಕ್ಕೂ ಮಾತ್ರ ಮಾಡ್ತೀವಿ ಅಣ್ಣ" ಎನ್ನಿ, ಕಾರಣ ವಿವರಿಸಲು ಹೋಗಬೇಡಿ. ಅದನ್ನೇ ಒಂದು ಹಲಗೆಯ ಮೇಲೆ ಬರೆದು ತೂಗುಹಾಕಿದರೆ ಇನ್ನೂ ಸುಲಭ. ಆ ವ್ಯಕ್ತಿ ಒತ್ತಾಯಿಸಿದರೆ, ಹೆದರಿಸಿದರೆ, ಪೊಲೀಸ್ ಠಾಣೆಗೆ ತಿಳಿಸಲು ಹಿಂಜರಿಯಬೇಡಿ. ಮಾರಿದ ಪ್ರತಿ ಚಾಕುವಿಗೂ ಬಿಲ್ ಬರೆದು ನಕಲು ಇಟ್ಟುಕೊಳ್ಳಿ. ಅನುಮಾನ ಉಳಿದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಇಷ್ಟು ಮಾಡಿದ ಮೇಲೂ "ನಾನು ಮಾಡಿದ್ದರಿಂದ ಯಾರಿಗಾದರೂ ಕೇಡಾದರೆ" ಎಂಬ ಅಳುಕು ಉಳಿದರೆ ಉಳಿಯಲಿ. ಅಲಗು ಮಾಡುವವರಿಗೆ ಅಷ್ಟು ಅಳುಕು ಇರುವುದೇ ಒಳ್ಳೆಯದು.

ಕೈ ಬಲಪಡಿಸಿಕೊಳ್ಳಲು ಒಂದು ದಾರಿ: 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಆಮೇಲೆ ಶೇ 5ರ ಬಡ್ಡಿಗೆ ಮೊದಲು 1 ಲಕ್ಷದವರೆಗೆ, ಅದು ತೀರಿದ ಮೇಲೆ 2 ಲಕ್ಷದವರೆಗೆ ಸಾಲ. ಒಂದು ಕುಟುಂಬಕ್ಕೆ ಒಬ್ಬರಿಗೇ ಅವಕಾಶ. ಕುಟುಂಬವೆಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ನೋಂದಣಿ ಈಗ ತೆರೆದಿದೆಯೇ ಎಂದು ಸಾಮಾನ್ಯ ಸೇವಾ ಕೇಂದ್ರದಲ್ಲಿ ವಿಚಾರಿಸಿ. ಸಾಲಕ್ಕೆ ಅವಸರ ಬೇಡ. ಮೊದಲು ಬೆಲೆ ಹೇಳುವುದು ರೂಢಿಯಾಗಲಿ.

ಕಾರ್ಖಾನೆಗೆ ವಾಪಸ್ ಹೋಗಲೇ ಎಂದಿದ್ದೀರಿ. ಹೋದರೆ ಅದು ಸೋಲಲ್ಲ. ಆದರೆ ನಿದ್ದೆಗೆಟ್ಟ ರಾತ್ರಿಯಲ್ಲಿ ಅದನ್ನು ತೀರ್ಮಾನಿಸಬೇಡಿ, ಮಾವನ ಮಾತಿಗೆ ಉತ್ತರವಾಗಿಯೂ ತೀರ್ಮಾನಿಸಬೇಡಿ. ಮುಂದಿನ ಆಯುಧಪೂಜೆಯವರೆಗೆ ಚೀಟಿಯ ಬೆಲೆಗೇ ಮಾರಿ, ಬಂದದ್ದು ಹೋದದ್ದು ಬರೆದಿಡಿ. ಆಗ ಅಪ್ಪನ ಜೊತೆ ಕೂತು ಪುಸ್ತಕ ತೆರೆಯಿರಿ. ಈ ನಡುವೆ ನಿದ್ದೆ ಇಲ್ಲದಿರುವುದು, ಊಟ ಸೇರದಿರುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಎರಡು ವಾರ ಮೀರಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಎದುರಿಗೆ ಕೂತು ಮಾತಾಡುವುದೇ ಮೇಲು ಅನ್ನಿಸಿದರೆ ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಿ ಮನೋವೈದ್ಯರನ್ನು ಕಾಣಿ.

ಇದನ್ನು ಓದುತ್ತಿರುವ ಇತರರಲ್ಲಿ ಒಂದು ವಿನಂತಿ. ಊಟಿಗೋ ಬಂಡೀಪುರಕ್ಕೋ ಹೋಗುವಾಗ ದಾರಿಯ ಕುಲುಮೆಯ ಮುಂದೆ ಗಾಡಿ ನಿಲ್ಲಿಸಿದರೆ, ಬೆಲೆ ನಿಮಗೆ ಹೆಚ್ಚೆನಿಸಿದರೆ, "ನನಗೆ ಆಗುವುದಿಲ್ಲಪ್ಪ" ಎಂದು ಹೇಳಿ ಹೊರಡಿ. "ಇದಕ್ಕೆ ಅಷ್ಟಾ?" ಎನ್ನಬೇಡಿ.