ಅರ್ಥಿಂಗ್ ಗುಂಡಿಗೆ ನೀರು ಹಾಕಿದ್ದೀರಾ?



ಸಂಘದ ಸಾಲದಿಂದ ಗ್ರೈಂಡರ್ ತಗೊಂಡು ದೋಸೆ ಹಿಟ್ಟು ಮಾರುವವರು ನಮ್ಮಲ್ಲಿ ಹಲವರಿದ್ದಾರೆ. ಬೇಸಿಗೆ ಬಂತೆಂದರೆ ಅವರದು ಒಂದು ದೂರು: "ಸಿಸ್ಟರ್, ಗ್ರೈಂಡರ್ ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ. ಮಳೆಗಾಲದಲ್ಲಿ ಇರ್ಲಿಲ್ಲ." ಮಷಿನ್ನಿನಿಂದ ಕರೆಂಟು ಸೋರುತ್ತಿದೆ, ಸರಿ. ಆದರೆ ಬೇಸಿಗೆಯಲ್ಲೇ ಯಾಕೆ? ಉತ್ತರ ಮನೆಯ ಹೊರಗೆ, ಮಣ್ಣಿನಲ್ಲಿರಬಹುದು.

ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪ ಪಿನ್ನಿಗೆ ಸೇರಿದ ಹಸಿರು ವೈರ್ ಕೊನೆಗೆ ಅರ್ಥಿಂಗ್ ಗುಂಡಿಯ ಪೈಪಿಗೆ ಹೋಗುತ್ತದೆ. ಸೋರಿದ ಕರೆಂಟು ನಮ್ಮ ಮೈ ಮೂಲಕ ಹೋಗದೆ ಆ ದಾರಿಯಲ್ಲಿ ಭೂಮಿಗೆ ಇಳಿಯಬೇಕು. ಮಣ್ಣಿನ ಲವಣಗಳು ನೀರಿನಲ್ಲಿ ಕರಗಿದಾಗಲೇ ಕರೆಂಟಿಗೆ ಸಲೀಸು ದಾರಿ. ಗುಂಡಿಗೆ ಇದ್ದಿಲು, ಉಪ್ಪು ಹಾಕುವುದು ಇದಕ್ಕೇ. ಇದ್ದಿಲು ತೇವ ಹಿಡಿದಿಡುತ್ತದೆ, ಉಪ್ಪು ಕರಗಿ ದಾರಿ ಮಾಡುತ್ತದೆ. ನೀರೇ ಇಲ್ಲದಿದ್ದರೆ ಉಪ್ಪು ಹಾಕಿ ಏನು ಪ್ರಯೋಜನ? ಕಪ್ಪು ಮಣ್ಣು ತೇವವನ್ನು ಬಹಳ ದಿನ ಇಟ್ಟುಕೊಳ್ಳುತ್ತದೆ. ಮರಳು, ಕಲ್ಲು ಬೆರೆತ ಮಣ್ಣು ಬೇಗ ಒಣಗುತ್ತದೆ.

ಒಂದು ಲೆಕ್ಕ ನೋಡಿ, ಬಡ್ಡಿ ಲೆಕ್ಕಕ್ಕಿಂತ ಸುಲಭ. ಮನೆಗೆ ಬರುವುದು 230 ವೋಲ್ಟ್. ಗುಂಡಿಯ ತಡೆ 2 ಓಮ್ ಇದ್ದರೆ, ಲೈನ್ ವೈರ್ ಮಷಿನ್ನಿನ ಮೈಗೆ ತಾಗಿದಾಗ ಸುಮಾರು 115 ಆಂಪಿಯರ್ ಹರಿದು ಫ್ಯೂಸ್ ಕೂಡಲೇ ಹೋಗುತ್ತದೆ. ಮಣ್ಣು ಒಣಗಿ ತಡೆ 23 ಓಮ್ ಆದರೆ ಹರಿಯುವುದು 10 ಆಂಪಿಯರ್ ಮಾತ್ರ. 16 ಆಂಪಿಯರಿನ ಫ್ಯೂಸ್ ಹೋಗುವುದಿಲ್ಲ. ಮಷಿನ್ನಿನ ಮೈಯಲ್ಲಿ ಕರೆಂಟು ಹಾಗೇ ನಿಂತಿರುತ್ತದೆ. ನಾವೋ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ, ಒದ್ದೆ ಕೈಯಲ್ಲಿ!

ಬೇಸಿಗೆಯಲ್ಲಿ ವಾರಕ್ಕೆರಡು ಸಲ ಗುಂಡಿಗೆ ಒಂದೆರಡು ಕೊಡ ನೀರು ಹಾಕಿ. ಕುಡಿಯುವ ನೀರೇ ಬೇಕಿಲ್ಲ, ಅಕ್ಕಿ ತೊಳೆದ ನೀರೂ ಆದೀತು. ಮೊದಲು ಮೈನ್ ಸ್ವಿಚ್ ಆಫ್ ಮಾಡಿ. ಸೋರಿಕೆ ಇದ್ದರೆ ಗುಂಡಿಯ ಸುತ್ತಲಿನ ನೆಲದಲ್ಲೂ ಕರೆಂಟು ಇರಬಹುದು. ಈ ಕೆಲಸಕ್ಕೆ ಮಕ್ಕಳನ್ನು ಕಳಿಸಬೇಡಿ. ನೀರು ಹಾಕಿದ ಮೇಲೆ ಜುಮ್ ನಿಂತಿತು ಅಂತ ಸುಮ್ಮನಾಗಬೇಡಿ. ಮಷಿನ್ ರಿಪೇರಿ ಆಗುವವರೆಗೆ ಪ್ಲಗ್ ತೆಗೆದೇ ಇಡಿ.

ಗುಂಡಿಯೊಂದನ್ನೇ ನಂಬುವುದು ನನಗೆ ಸರಿ ಕಾಣುವುದಿಲ್ಲ. ಮೈನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಅಷ್ಟು ಸೋರಿದರೂ ಸಾಕು, ಮಣ್ಣು ಸ್ವಲ್ಪ ಒಣಗಿದ್ದರೂ ಅದು ಕರೆಂಟು ಕಡಿಯುತ್ತದೆ. ದುಡ್ಡಿಲ್ಲ ಅನ್ನುವವರಿಗೆ ಸಂಘದಿಂದ ಸಾಲ ಕೊಡಿ. ಹಬ್ಬದ ಸೀರೆಗೆ ಕೊಡುತ್ತೇವಲ್ಲ! ಅದರ ಮೇಲಿರುವ ಟೆಸ್ಟ್ ಬಟನ್ನನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ, ಕರೆಂಟು ಹೋಗಬೇಕು. ಹೋಗದಿದ್ದರೆ ಲೈಸೆನ್ಸ್ ಇರುವ ವೈರ್‌ಮ್ಯಾನನ್ನು ಕರೆಸಿ. ಅವರು ಬಂದಾಗ ಗುಂಡಿಯ ತಡೆಯನ್ನೂ ಅಳತೆ ಮಾಡಿಸಿ.